ಕಾಂತಪ್ಪನವರ ಅಳತೆಗೆ ಗಾಲ್ಫ್ ಕೋಲು

ಕಾಂತಪ್ಪನವರ ಬಾಯಿಂದ ‘ಇಲ್ಲ’ ಎಂಬ ಮಾತು ಕೇಳಿದವರು ಪುಣೆಯಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ‘ಹೌದು’, ಬಿಬವೇವಾಡಿಯ ಓಣಿಯಲ್ಲಿ ‘ಹೋಯ್ ಹೋಯ್’, ಖಡಕಿಯ ಮಿಲಿಟರಿ ಕಚೇರಿಯಲ್ಲಿ ‘ಯಸ್ ಸರ್’. ಒಂದೇ ಮಾತನ್ನು ಮೂರು ಭಾಷೆಯಲ್ಲಿ ಹೇಳಿಕೊಂಡು ಅವರು ನೌಕರಿ, ನೆರೆಹೊರೆ, ಸಂಸಾರ ಮೂರನ್ನೂ ಸುಖವಾಗಿ ತೂಗಿಸಿದ್ದರು. ಎದುರಿಗಿದ್ದವರ ಪ್ರಶ್ನೆ ಮುಗಿಯುವ ಮೊದಲೇ ಒಪ್ಪಿಬಿಟ್ಟರೆ ಜಗಳಕ್ಕೆ ಜಾಗವೇ ಉಳಿಯುವುದಿಲ್ಲ ಎಂಬುದು ಅವರ ಅನುಭವ. ಹಾಗೆ ಒಪ್ಪಿಕೊಂಡೇ ಅವರು ಒಂದು ವರ್ಷ ಕಚೇರಿಯ ಗಣೇಶೋತ್ಸವದ ನಾಟಕದಲ್ಲಿ ಭೀಮನ ಪಾತ್ರ ಹಾಕಿದ್ದರು. ಗದೆಯ ಹಿಂದೆ ಭೀಮ ಎಲ್ಲಿದ್ದಾನೆಂದು ಜನ ಕೊನೆಯವರೆಗೂ ಹುಡುಕಿದರು.

ಏಕೆಂದರೆ ಎತ್ತರದ ವಿಷಯದಲ್ಲಿ ದೇವರು ಅವರ ಮಟ್ಟಿಗೆ ಕೈ ಬಿಗಿ ಹಿಡಿದಿದ್ದ. ಹೆಡ್ ಕ್ಲಾರ್ಕ್ ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಜವಾನರು ಒಂದು ಖಾಲಿ ಪೆಟ್ಟಿಗೆ ತಂದು ಕಾಲ ಕೆಳಗೆ ಇಟ್ಟುಕೊಟ್ಟಿದ್ದರು. ಕಾಂತಪ್ಪನವರು ಅದನ್ನು ಸರಕಾರಿ ಸೌಲಭ್ಯಗಳಲ್ಲೊಂದೆಂದು ತಿಳಿದು ನೆಮ್ಮದಿಯಾಗಿದ್ದರು. ಅವರಿಗೆ ತಮ್ಮ ಎತ್ತರದ ಬಗ್ಗೆ ದುಃಖವೆನಿಸಿದ್ದು ಒಂದೇ ಸಲ, ಅದು ಮಗಳು ಮಾಯಾಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಮಗಳಿಗೆ ತಂದೆಯದೇ ಎತ್ತರ ಬಂದಿತ್ತು.

ಗಂಡಿನ ತಂದೆ ಪ್ರೇಮಕುಮಾರ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಸಗಟು ವ್ಯಾಪಾರಿ. ಕಲಬುರಗಿ ಕಡೆಯವರು, ಆರಡಿ ಮನುಷ್ಯ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದರು. ಮಗ ಕಿಶೋರ ಅವರಿಗಿಂತ ಒಂದು ಬೆರಳು ಹೆಚ್ಚು. ಶಿರಾ ಉಪ್ಪಿಟ್ಟು ಮುಗಿಯಿತು. ಹುಡುಗ ಹುಡುಗಿಯನ್ನು ಬಾಲ್ಕನಿಯಲ್ಲಿ ಐದು ನಿಮಿಷ ಮಾತಾಡಲು ಬಿಟ್ಟರೆ ಅವರು ಅರ್ಧ ಗಂಟೆ ನಕ್ಕರು. ಕಾಂತಪ್ಪನವರ ಹೆಂಡತಿ ಅನುಸೂಯಾಬಾಯಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬಿಯ ಮುಚ್ಚಳವನ್ನೂ ತೆರೆದಿಟ್ಟರು. ಸಂಬಂಧ ಗಟ್ಟಿಯಾದ ದಿನ ಎರಡೂ ಕಡೆಯವರ ಬಾಯಿಗೆ ಸಕ್ಕರೆ ಹಾಕಬೇಕಲ್ಲ.

ಅಷ್ಟರಲ್ಲಿ ಪ್ರೇಮಕುಮಾರರಿಗೆ ತಮ್ಮ ಮನೆತನದ ಪದ್ಧತಿ ನೆನಪಾಯಿತು. ಹುಡುಗ ಹುಡುಗಿಯನ್ನು ಬೆನ್ನಿಗೆ ಬೆನ್ನು ಹಚ್ಚಿ ಬಾಗಿಲ ಚೌಕಟ್ಟಿನ ಪಕ್ಕ ನಿಲ್ಲಿಸಿದರು. ಮಾಯಾಳ ನೆತ್ತಿ ಕಿಶೋರನ ಭುಜಕ್ಕೂ ಬರಲಿಲ್ಲ. ಪ್ರೇಮಕುಮಾರರು ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು.

“ಹುಡುಗಿ ಬಂಗಾರದಂಥಾಕಿ ಅದಾಳ್ರಿ. ಆದ್ರ ಫೋಟೋದಾಗ ಜೋಡಿ ಕೂಡಬೇಕಲ್ರಿ? ವಿಚಾರ ಮಾಡಿ ತಿಳಸ್ತೀವಿ.”

“ಹೌದ್ರಿ,” ಎಂದರು ಕಾಂತಪ್ಪನವರು.

ವಿಚಾರ ಮಾಡಿ ತಿಳಿಸುತ್ತೇವೆ ಎಂದವರು ತಿಳಿಸಿದ್ದು ಯಾವ ಊರಲ್ಲೂ ಇಲ್ಲ. ಅನುಸೂಯಾಬಾಯಿ ಸಕ್ಕರೆ ಡಬ್ಬಿ ಮುಚ್ಚಿದರು. ಮಾಯಾ ಮಾತ್ರ, “ಇನ್ನೊಬ್ಬನ ಮುಂದ ನಾ ಚಹಾದ ಟ್ರೇ ಹಿಡಿಯಂಗಿಲ್ಲ, ಈಗs ಹೇಳೀನಿ,” ಎಂದು ತಾನು ಕಲಿಸುವ ಶಾಲೆಯ ಪೇಪರು ತಿದ್ದಲು ಕೂತಳು. ಆ ದಿನ ಮೂರನೆಯ ಇಯತ್ತೆಯ ಮಕ್ಕಳು ಯಾರೂ ಪಾಸಾಗಲಿಲ್ಲ.

ಇದಾದ ಮರುವಾರ ಖಡಕಿಯಲ್ಲಿ ಕರ್ನಲ್ ಸಾಹೇಬರಿಗೆ ವರ್ಗವಾಯಿತು. ಅವರು ಸಾಮಾನು ಕಟ್ಟಿಸುತ್ತ, ಸಹಿಗೆ ಫೈಲು ತಂದ ಕಾಂತಪ್ಪನವರನ್ನು ಸುಮ್ಮನೆ ಮಾತಿಗೆಂದು ಕೇಳಿದರು: “ಕಾಂತಪ್ಪಾ, ಗಾಲ್ಫ್ ಖೇಲತೇ ಹೋ?”

“ಯಸ್ ಸರ್.”

ಕರ್ನಲ್ ಸಾಹೇಬರು ಕುರ್ಚಿ ಬಿಟ್ಟು ಎದ್ದರು. ಪಕ್ಕದ ಕೋಣೆಯಲ್ಲೇ ಒಬ್ಬ ಆಟಗಾರನಿದ್ದೂ ಇಷ್ಟು ವರ್ಷ ಬಾಯಿಬಿಡಲಿಲ್ಲವಲ್ಲ, ಎಂಥ ಸಂಕೋಚದ ಮನುಷ್ಯ ಎಂದು ಅವರಿಗೆ ಕಣ್ಣು ತುಂಬಿ ಬಂತು. ತಮ್ಮ ಹಳೆಯ ಗಾಲ್ಫ್ ಕೋಲುಗಳ ಚೀಲವನ್ನು ಎತ್ತಿ ಅವರ ಹೆಗಲಿಗೇ ಹಾಕಿದರು. ತಾನು ಆರಡಿ ಎರಡಂಗುಲ, ಕೋಲುಗಳು ತನ್ನ ಅಳತೆಯವು, ಕತ್ತರಿಸಿ ನಿನ್ನ ಅಳತೆಗೆ ಮಾಡಿಸಿಕೋ, ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಾ, ಹೋಗುವ ಮೊದಲು ಇಬ್ಬರೂ ಒಂದು ಕೈ ಆಡೋಣ ಎಂದರು.

“ಯಸ್ ಸರ್,” ಎಂದು ಕಾಂತಪ್ಪನವರು ಚೀಲದೊಂದಿಗೆ ಹೊರಗೆ ಬಂದರು. ಚೀಲ ಅವರೊಂದಿಗೆ ಬಂತು ಎನ್ನುವುದಕ್ಕಿಂತ ಚೀಲದೊಂದಿಗೆ ಅವರು ಬಂದರು ಎನ್ನುವುದು ಸರಿ.

ಸಿಟಿ ಬಸ್ಸಿನ ಕಂಡಕ್ಟರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. “ಕಾಕಾ, ಪೂರ್ಣ ತಿಕೀಟ ಕುಣಾಚ?” ಎಂದ. ಪೂರ್ತಿ ಟಿಕೆಟು ಯಾರದು, ನಿಮ್ಮದೋ ಚೀಲದ್ದೋ ಎಂಬುದು ಅವನ ಪ್ರಶ್ನೆ. “ಹೋಯ್ ಹೋಯ್,” ಎಂದು ಕಾಂತಪ್ಪನವರು ಎರಡು ಟಿಕೆಟು ತೆಗೆದುಕೊಂಡರು.

ಮಾರ್ಕೆಟ್ ಯಾರ್ಡಿನ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಪ್ರೇಮಕುಮಾರರು ಸ್ಕೂಟರು ನಿಲ್ಲಿಸಿಕೊಂಡು ನಿಂತಿದ್ದರು.

“ಇದೇನ್ರಿ ಕಾಂತಪ್ಪನವರ?”

“ಗಾಲ್ಫ್‌ದ್ದ್ರಿ. ಕರ್ನಲ್ ಸಾಹೇಬ್ರು ಕೊಟ್ರು.”

“ಕರ್ನಲ್ ಸಾಹೇಬ್ರು! ಅಂದ್ರ ನೀವ್ ಅವರ ಜೋಡಿ ಗಾಲ್ಫ್ ಆಡ್ತೀರಿ?”

“ಹೌದ್ರಿ.”

ಪ್ರೇಮಕುಮಾರರಿಗೆ ಬೆಲ್ಲದ ವ್ಯಾಪಾರದಲ್ಲಿ ಎಲ್ಲ ಸಿಕ್ಕಿತ್ತು, ದೊಡ್ಡ ಸಾಹೇಬರ ಸಹವಾಸವೊಂದು ಸಿಕ್ಕಿರಲಿಲ್ಲ. ಅವರು ಮೊದಲ ಬಾರಿಗೆ ಕಾಂತಪ್ಪನವರನ್ನು ನೆತ್ತಿ ಬಿಟ್ಟು ಮುಖದ ಕಡೆ ನೋಡಿದರು. “ಭಾನುವಾರ ನಾನೂ ಕಿಶೋರನೂ ನಿಮ್ಮ ಆಟ ನೋಡಾಕ ಬರ್ತೀವಿ. ನಡೀತದಲ್ರಿ? ಆ ಹುಡುಗ ನಿಮ್ಮ ಮನ್ಯಾಗಿಂದ ಬಂದಾಗಿಂದ ಸರಿಯಾಗಿ ಊಟನs ಮಾಡವಲ್ಲ. ಅಲ್ಲೇ ಎರಡ ಮಾತು ಮುಗಸೋಣ.”

“ಹೌದ್ರಿ,” ಎಂದರು ಕಾಂತಪ್ಪನವರು. ಮಗಳ ಲಗ್ನ ಈಗ ಒಂದು ಚೀಲ ಕೋಲಿನ ಮೇಲೆ ನಿಂತಿತ್ತು.

ಮರುದಿನ ಬೆಳಿಗ್ಗೆಯೇ ಮಾಳಿಗೆಯ ಮೇಲೆ ತಾಲೀಮು ಶುರುವಾಯಿತು. ಚೀಲದಲ್ಲೇ ಸಿಕ್ಕ ಒಂದು ಚೆಂಡನ್ನು ನೆಲಕ್ಕಿಟ್ಟು ಎಲ್ಲಕ್ಕಿಂತ ಉದ್ದದ ಕೋಲನ್ನು ತೆಗೆದರು. ಅದರ ಹಿಡಿ ಅವರ ಎದೆಗೆ ಬಂತು. ಚೆಂಡಿನ ಹತ್ತಿರ ನಿಂತರೆ ಹಿಡಿ ಹೊಟ್ಟೆಗೆ ತಿವಿಯುತ್ತಿತ್ತು, ದೂರ ನಿಂತರೆ ಚೆಂಡು ಕಾಣುತ್ತಿತ್ತೇ ಹೊರತು ಸಿಗುತ್ತಿರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಬೀಸಿದರು. ಕೋಲು ಮೊದಲು ನೆಲಕ್ಕೆ ಬಡಿದು, ಅಲ್ಲಿಂದ ಪುಟಿದು, ಕೆಳಗಿನ ಮನೆಯ ಕೃಷ್ಣಾಬಾಯಿ ಮಾಳಿಗೆಯಲ್ಲೇ ಶ್ಯಾವಿಗೆ ಒಣಹಾಕಿದ್ದ ಮಂಚದ ಕಾಲು ಮುರಿಯಿತು. ಚೆಂಡು ಇದ್ದಲ್ಲೇ ಇತ್ತು.

ಕೃಷ್ಣಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಮೇಲೆ ಬಂದರು. “ಕಾಂತಪ್ಪನವರ, ಇದೇನ್ ಆಟನೋ, ಮನಿ ಕೆಡವೋ ಗುತ್ತಿಗಿನೋ?”

“ಹೌದ್ರೀ ಬಾಯಾರ,” ಎಂದರು ಕಾಂತಪ್ಪನವರು ಶ್ಯಾವಿಗೆ ಆರಿಸುತ್ತ.

ಮಧ್ಯಾಹ್ನದೊಳಗೆ ಇಡೀ ಓಣಿಗೆ ಸುದ್ದಿ ಹಬ್ಬಿತು. ಕೃಷ್ಣಾಬಾಯಿ ಹೇಳುವಾಗ ಮಂಚದ ಕಾಲು ಮುರಿದಿತ್ತು, ಮೂಲೆಯ ಕಿರಾಣಿ ಅಂಗಡಿಗೆ ಮುಟ್ಟುವಾಗ ಕೃಷ್ಣಾಬಾಯಿಯ ಕಾಲೇ ಮುರಿದಿತ್ತು. ನೋಡಲು ಬಂದವರಿಗೆಲ್ಲ ಆಕೆಯೇ ಚಹಾ ಮಾಡಿಕೊಟ್ಟು, ಕುಂಟದೆ ಓಡಾಡಿ, ಸುದ್ದಿ ಸುಳ್ಳೆಂದು ತೋರಿಸಬೇಕಾಯಿತು.

ಅನುಸೂಯಾಬಾಯಿ ಮಾತ್ರ ಗಾಬರಿಯಾಗಲಿಲ್ಲ. “ರೆಡಿಮೇಡ್ ಪ್ಯಾಂಟ್ ತಂದ್ರ ಒಂದ ಗೇಣು ಕತ್ತರಿಸಿ ಹಾಕ್ಕೋತೀರಲ್ರಿ, ಇದೂ ಹಂಗs. ಸಾಹೇಬ್ರೂ ಕತ್ತರಸಂತ ಹೇಳ್ಯಾರ. ನಮ್ಮ ಮಾಂತು ಯಾಕದಾನ?”

ಮಾಂತು ಅನುಸೂಯಾಬಾಯಿಯ ತಮ್ಮ. ಬಿಬವೇವಾಡಿಯಲ್ಲಿ ಗೇಟು, ಗ್ರಿಲ್ಲು, ಕಟಾಂಜನ ಮಾಡುವ ಅವನ ವರ್ಕ್‌ಶಾಪು ಹೆಸರುವಾಸಿ. ಅಲ್ಲಿಂದ ಕಾತ್ರಜದವರೆಗೆ ಮುದುಕರು ಮಹಡಿ ಹತ್ತುವುದು ಮಾಂತುವಿನ ಕಟಾಂಜನ ಹಿಡಿದೇ. ಅವನು ಕೂಡಿಸಿದ ಸರಳುಗಳ ಮೇಲೆ ದಾರ ಹಿಡಿದರೆ ಕೂದಲಷ್ಟೂ ಏರುಪೇರು ಸಿಗುತ್ತಿರಲಿಲ್ಲ. ಅಂಥವನು ಗಾಲ್ಫ್ ಕೋಲುಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ.

“ಮಾಮಾ, ನಿಮ್ಮ ಸಾಹೇಬ್ರಿಗೆ ಭಾಳ ದೊಡ್ಡ ಮೋಸ ಆಗೇದ.” ಅಕ್ಕನ ಗಂಡನನ್ನು ಅವನು ಮಾಮಾ ಎಂದೇ ಕರೆಯುತ್ತಿದ್ದ. “ನೋಡ್ರಿ ಇಲ್ಲೆ. ಒಂದ ಉದ್ದ, ಒಂದ ಗಿಡ್ಡ. ಒಂದಕ್ಕೊಂದು ಸಮ ಇಲ್ಲ. ನಾ ಹಿಂಗ ಕಟಾಂಜನ ಮಾಡಿ ಕೊಟ್ರ ಮಂದಿ ನನ್ನ ಅದಕ್ಕs ಕಟ್ಟಿ ಹಾಕ್ತಿದ್ರು.”

“ಅವು ಹಂಗs ಇರ್ತಾವೋ ಏನೋ ಮಾಂತು.”

“ಯಾಕಿರ್ತಾವ? ಆಡಾಂವ ಒಬ್ಬನ ಅಲ್ಲೇನ್ರಿ? ಕೋಲಿಗೊಮ್ಮೆ ಅಂವ ಉದ್ದ ಆಗಿ ಗಿಡ್ಡ ಆಗ್ತಾನೇನು?”

‘ಇಲ್ಲ’ ಎನ್ನಬೇಕಾದ ಇಂಥ ಪ್ರಶ್ನೆಗಳಿಗೆಂದೇ ಕಾಂತಪ್ಪನವರು ಇನ್ನೊಂದು ಉತ್ತರ ಇಟ್ಟುಕೊಂಡಿದ್ದರು. “ಅದೂ ಹೌದು,” ಎಂದರು.

ಮಾಂತು ಅವರನ್ನು ಚೆಂಡಿನ ಮುಂದೆ ನಿಲ್ಲಿಸಿ, ಸ್ವಲ್ಪ ಬಗ್ಗಿಸಿ, ಮಣಿಕಟ್ಟಿನಿಂದ ನೆಲದವರೆಗೆ ಟೇಪು ಬಿಟ್ಟ. ಒಂದೊಂದೇ ಕೋಲು ಕೊಟ್ಟು ನೋಡಿದ. ಎಲ್ಲಕ್ಕಿಂತ ಗಿಡ್ಡನೆಯ ಕೋಲು, ಕುಣಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ಒಳಗೆ ತಳ್ಳಲೆಂದು ಮಾಡಿದ್ದು, ಕಾಂತಪ್ಪನವರ ಕೈಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಮಾಂತು ಸುಣ್ಣದ ಕಡ್ಡಿಯಿಂದ ಉಳಿದೆಲ್ಲ ಕೋಲುಗಳ ಮೇಲೂ ಅದೇ ಅಳತೆಗೆ ಗೆರೆ ಎಳೆದ.

ಕಟರು ಕಿಡಿ ಹಾರಿಸುತ್ತ ಕರ್ನಲ್ ಸಾಹೇಬರ ಉದ್ದುದ್ದ ಕೋಲುಗಳ ಹಿಡಿಯ ಕಡೆಯ ತುದಿಯನ್ನು ಒಂದೊಂದಾಗಿ ಕೆಳಗೆ ಕೆಡವತೊಡಗಿತು. ತಡೆಯಬೇಕೆಂದು ಕಾಂತಪ್ಪನವರ ಬುದ್ಧಿ ಹೇಳಿತು, ಆದರೆ ಮನಸ್ಸು ಬೇರೆಯೇ ಹೇಳಿತು. ಬಸ್ಸಿನ ಹಿಡಿಕೆ, ಕಚೇರಿಯ ಕುರ್ಚಿ, ಬ್ಯಾಂಕಿನ ಕಿಟಕಿ, ಎಲ್ಲದಕ್ಕೂ ತುದಿಗಾಲಿನಲ್ಲಿ ನಿಂತೇ ಅವರ ಅರ್ಧ ಆಯುಷ್ಯ ಕಳೆದಿತ್ತು. ಉದ್ದನೆಯವರೆಲ್ಲ ಸಾಲಾಗಿ ಬಂದು ಗಿಡ್ಡನೆಯವನ ಅಳತೆಗೆ ಆಗುವುದನ್ನು ಅವರು ಕಂಡದ್ದು ಇದೇ ಮೊದಲು. ಆ ಸುಖಕ್ಕೆ ಅವರು ಕಟರಿನ ಸದ್ದಿನಲ್ಲೇ ನಿಂತುಬಿಟ್ಟರು.

ಹಿಡಿಯ ರಬ್ಬರುಗಳು ಮೊದಲೇ ಬಿಚ್ಚುವಾಗ ಹರಿದುಹೋಗಿದ್ದವು. ಮಾಂತು ಅದಕ್ಕೂ ಎದೆಗುಂದುವವನಲ್ಲ. ಹಳೆಯ ಸೈಕಲ್ ಟ್ಯೂಬು ಸುತ್ತಿ, ಮೇಲೆ ಮಕ್ಕಳ ಸೈಕಲ್ಲಿನ ಹ್ಯಾಂಡಲ್ ಕವರು ಹಾಕಿದ. ಅಂಗಡಿಯಲ್ಲಿ ಕೆಂಪು ಮತ್ತು ಗಿಳಿ ಹಸಿರು ಮಾತ್ರ ಸಿಕ್ಕಿದವು.

ವರ್ಕ್‌ಶಾಪಿನ ಹಿಂದಿನ ಖಾಲಿ ಜಾಗದಲ್ಲಿ ಶನಿವಾರದವರೆಗೆ ಅಭ್ಯಾಸ ನಡೆಯಿತು. ಯಾವ ಕೋಲು ಹಿಡಿದರೂ ಕೈಗೆ ಅದೇ ಉದ್ದ, ಮೈಗೆ ಅದೇ ಬಾಗು, ಹೀಗಾಗಿ ಕಲಿಯಬೇಕಾದದ್ದು ಒಂದೇ ಏಟು. ಚಿಕ್ಕಂದಿನಲ್ಲಿ ತಮ್ಮ ಹುಟ್ಟೂರಾದ ಇಂಡಿಯ ಬಯಲಲ್ಲಿ ಚಿಣ್ಣಿದಾಂಡು ಆಡಿದ ಕೈ ಅದು, ಗಿಡ್ಡ ಕೋಲು ಅದಕ್ಕೆ ಹೊಸದಲ್ಲ. ಹಲವು ಸಲ ಮಣ್ಣು ಹಾರಿತು, ಆಗಾಗ ಚೆಂಡೂ ಹಾರಿತು.

ಭಾನುವಾರ ಕಾಂತಪ್ಪನವರು ಬಿಳಿ ಅಂಗಿ ತೊಟ್ಟು, ಮಾಂತುವಿನ ಲೂನಾದ ಹಿಂದೆ ಚೀಲ ತಬ್ಬಿಕೊಂಡು ಕೂತು ಮೈದಾನಕ್ಕೆ ಬಂದರು. ಪ್ರೇಮಕುಮಾರರೂ ಕಿಶೋರನೂ ಆಗಲೇ ಬಂದು, ಸಾಹೇಬರುಗಳ ನಡುವೆ ಎಲ್ಲಿ ನಿಂತರೆ ಸರಿ ಎಂದು ತಿಳಿಯದೆ ಒಂದು ಗಿಡದ ಕೆಳಗೆ ನಿಂತಿದ್ದರು. ಕರ್ನಲ್ ಸಾಹೇಬರು ಕಾಂತಪ್ಪನವರ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಪರಿಚಯ ಮಾಡಿಸಿದರು. ಆ ಕೈ ಕಂಡೇ ಪ್ರೇಮಕುಮಾರರು ಅರ್ಧ ಬೀಗರಾದರು.

ಆಮೇಲೆ ಸಾಹೇಬರು ಚೀಲದ ಬಾಯಿ ಬಿಚ್ಚಿದರು.

ಕೆಂಪು ಹಿಡಿಯ ಒಂದು ಕೋಲು ಹೊರಗೆ ಬಂತು. ಹಸಿರು ಹಿಡಿಯ ಇನ್ನೊಂದು ಬಂತು. ಎರಡನ್ನೂ ಪಕ್ಕಪಕ್ಕ ಹಿಡಿದರು. ಮೂರನೆಯದನ್ನು ತೆಗೆದರು. ಸಾಹೇಬರ ಮೀಸೆ ಒಂದು ಕಡೆಗೆ ಸರಿದು ಅಲ್ಲೇ ನಿಂತಿತು. ಸುತ್ತ ನಿಂತ ಅಧಿಕಾರಿಗಳು ಕೆಮ್ಮಿದರು. ಮಾಂತು ಸದ್ದಿಲ್ಲದೆ ಹೋಗಿ ಲೂನಾದ ಮುಖವನ್ನು ಗೇಟಿನ ಕಡೆಗೆ ತಿರುಗಿಸಿ ಅದನ್ನು ಹಿಡಿದುಕೊಂಡೇ ನಿಂತ.

“ಕಾಂತಪ್ಪಾ,” ಎಂದರು ಸಾಹೇಬರು, “ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದ್ದೀಯಾ?”

“ಯಸ್ ಸರ್.”

“ಬೇಕೆಂದೇ?”

“ಯಸ್ ಸರ್.”

ಸಾಹೇಬರು ಕೋಲನ್ನು ಬೀಸಿ ನೋಡಿದರು. ಹುಬ್ಬು ಗಂಟು ಹಾಕಿದರು. ಮೆಲ್ಲಗೆ ಗಂಟು ಸಡಿಲಾಯಿತು. “ಕೋಲು ಬದಲಾದಂತೆ ನಿಲುವು ಬದಲಾಗುವುದು ಬೇಡ, ಬಾಗು ಬದಲಾಗುವುದು ಬೇಡ. ಒಂದೇ ಏಟು ಕಲಿತರೆ ಎಲ್ಲ ಕೋಲಿಗೂ ಸಾಕು. ಅದಕ್ಕಾಗಿಯೇ ಅಲ್ಲವೇ?”

“ಯಸ್ ಸರ್.”

“ಯಾರಾದರೂ ಹೇಳಿಕೊಟ್ಟರೋ, ನಿನ್ನದೇ ವಿಚಾರವೋ?”

“ಯಸ್ ಸರ್.”

ಸಾಹೇಬರು ಎರಡನೆಯದಕ್ಕೆ ಯಸ್ ಎಂದು ಹಿಡಿದರು. ಗೇಟಿನ ಹತ್ತಿರ ಮಾಂತು ಮುಖ ಗಂಟಿಕ್ಕಿದ. ಸಾಹೇಬರು ಮಾತ್ರ ಅಧಿಕಾರಿಗಳ ಕಡೆ ತಿರುಗಿ, ನಾವೆಲ್ಲ ಇಷ್ಟು ವರ್ಷ ಆಡಿದೆವು, ಒಬ್ಬರಾದರೂ ಯೋಚಿಸಿದೆವೇ, ವಿದೇಶದಲ್ಲಿ ಯಾರೋ ಹೀಗೆ ಮಾಡಿ ನೋಡಿದ್ದಾರೆಂದು ಓದಿದ್ದೆ, ಇಲ್ಲಿ ನಮ್ಮ ಹೆಡ್ ಕ್ಲಾರ್ಕ್ ಮನೆಯಲ್ಲಿ ಕೂತು ಮಾಡಿ ತೋರಿಸಿದ್ದಾನೆ ಎಂದು ಭಾಷಣವನ್ನೇ ಮಾಡಿದರು. ಒಬ್ಬ ಮೇಜರು ಹಿಡಿಯ ಬಣ್ಣದ ಮಹತ್ವವೇನೆಂದು ಕೇಳಿದರು. ಅದಕ್ಕೂ “ಯಸ್ ಸರ್” ಎಂಬ ಉತ್ತರ ಬಂತು. ಇದರಲ್ಲಿ ಇನ್ನೂ ಆಳವಾದದ್ದೇನೋ ಇದೆ ಎಂದು ಮೇಜರು ತಲೆದೂಗಿದರು.

ಇನ್ನು ಆಡಬೇಕು. ಕಾಂತಪ್ಪನವರು ಚೆಂಡಿನ ಮುಂದೆ ನಿಂತರು. ಮೊದಲ ಬೀಸಿಗೆ ಒಂದು ಹಿಡಿ ಹುಲ್ಲು ಎದ್ದು ಅವರ ಬಿಳಿ ಅಂಗಿಯ ಮೇಲೆ ಕೂತಿತು. “ಗುಡ್ ಪ್ರಾಕ್ಟೀಸ್ ಸ್ವಿಂಗ್!” ಎಂದರು ಸಾಹೇಬರು. ಪ್ರೇಮಕುಮಾರರು ಮಗನ ಕಿವಿಯಲ್ಲಿ, “ಮೊದ್ಲ ಹುಲ್ಲ ತಗೀತಾರ ನೋಡು,” ಎಂದು ತಿಳಿಸಿಕೊಟ್ಟರು. ಎರಡನೆಯ ಬೀಸಿಗೆ ಟಕ್ಕೆಂದಿತು. ಚೆಂಡು ದೂರ ಹೋಗಲಿಲ್ಲ, ಎತ್ತರಕ್ಕೂ ಹೋಗಲಿಲ್ಲ, ನೆಟ್ಟಗೆ ಹೋಯಿತು. ಆಮೇಲೆ ಆರಡಿ ಎರಡಂಗುಲದ ಕರ್ನಲ್ ಸಾಹೇಬರು ಬೀಸಿದ ಚೆಂಡು ಆಕಾಶಕ್ಕೇರಿ, ಎಲ್ಲರ ಕತ್ತು ನೋಯಿಸಿ, ಜಾಲಿ ಮುಳ್ಳಿನಲ್ಲಿ ಬಿತ್ತು. ಚಪ್ಪಾಳೆ ಬಿದ್ದದ್ದು ಕಾಂತಪ್ಪನವರಿಗೆ.

ಆಟ ಮುಗಿದು ಸಾಹೇಬರುಗಳು ಚಹಾಕ್ಕೆ ಹೊರಟಾಗ ಪ್ರೇಮಕುಮಾರರಿಗೆ ತಡೆಯಲಾಗಲಿಲ್ಲ. “ನಾನೂ ಒಂದ ಏಟ ಹೊಡೀಲ್ರಿ?” ಎಂದು ಕೆಂಪು ಹಿಡಿಯ ಕೋಲು ತೆಗೆದುಕೊಂಡರು. ಕೋಲು ನೆಲ ಮುಟ್ಟಬೇಕಾದರೆ ಅವರು ಬಗ್ಗಬೇಕಾಯಿತು, ಇನ್ನೂ ಬಗ್ಗಬೇಕಾಯಿತು, ಮೊಣಕಾಲನ್ನೂ ಮಡಿಸಬೇಕಾಯಿತು. ಹಾಗೆ ಬಗ್ಗಿಕೊಂಡೇ ಅವರು ಬೀಗತನದ ಮಾತು ತೆಗೆದರು.

“ಸಂಬಂಧ ಗಟ್ಟಿ ಅಂತ ತಿಳೀರಿ ಕಾಂತಪ್ಪನವರ. ಒಂದ ಸಣ್ಣ ಮಾತು. ಅಕ್ಷತಾ ಹೊತ್ತಿನ್ಯಾಗ ಹುಡುಗಿ ಕಾಲಾಗ ನಾಕ ಮಣಿ ಒಂದರ ಮ್ಯಾಲೊಂದ ಇಟ್ಟು ನಿಂದ್ರಸೋಣ. ಮುಂದ ನಾಕ ಮಂದ್ಯಾಗ ಹೋಗಾಗ ಬರಾಗ ಎತ್ತರ ಹಿಮ್ಮಡದ ಚಪ್ಪಲ್ ಬಿಟ್ಟ ಆಕಿ ಇಳೀಬಾರ್ದು. ಅಷ್ಟ ಆದ್ರ ಜೋಡಿ ಕೂಡ್ತದ. ಹೌದಲ್ರಿ?”

ಕಾಂತಪ್ಪನವರ ಬಾಯಿ ‘ಹೌ’ ಎಂದು ತೆರೆದುಕೊಂಡಿತು. ಮುಂದಿನ ಅಕ್ಷರ ಬರಲಿಲ್ಲ. ಅವರ ಕಣ್ಣ ಮುಂದೆ ನಾಲ್ಕು ಮಣೆಗಳ ಮೇಲೆ, ಬೀಳದಂತೆ ಕೈ ಚಾಚಿ ನಿಂತ ಮಗಳು ಬಂದಳು. ಕಚೇರಿಯಲ್ಲಿ ತಮ್ಮ ಕಾಲ ಕೆಳಗಿನ ಖಾಲಿ ಪೆಟ್ಟಿಗೆ ಅವರಿಗೆ ಮೊದಲ ಬಾರಿಗೆ ಒತ್ತಿತು. ತೆರೆದ ಬಾಯಿ ಮುಚ್ಚಿ, ಮತ್ತೆ ತೆರೆದು, ಅವರು ಹೇಳಿದರು:

“ಇಲ್ರಿ.”

ಗೇಟಿನ ಹತ್ತಿರ ಲೂನಾ ಕೆಳಗೆ ಬಿದ್ದ ಸದ್ದಾಯಿತು. ಮಾಂತು ಕೈ ಬಿಟ್ಟಿದ್ದ.

“ಏನಂದ್ರಿ?”

“ಇಲ್ರಿ ಅಂದೆ. ನನ್ನ ಮಗಳನ್ನ ಮಣಿ ಮ್ಯಾಲೆ ಏರಸಂಗಿಲ್ಲ.” ಅವರು ಪ್ರೇಮಕುಮಾರರ ಕೈಯಲ್ಲಿದ್ದ ಕೋಲನ್ನು ತೋರಿಸಿದರು. “ಆಡಾವ್ರ ಅಳತಿಗೆ ಕೋಲ ಕತ್ತರಸ್ತಾರ್ರಿ. ಕೋಲಿನ ಅಳತಿಗೆ ಆಡಾವ್ರನ್ನ ಜಗ್ಗಿ ಉದ್ದ ಮಾಡಿದ್ದು ನೀವೆಲ್ಲರ ನೋಡೀರೇನು? ಆಕಿ ಎಷ್ಟದಾಳೋ ಅಷ್ಟs ಅದಾಳ. ಸಾಕಾದ್ರ ಬರ್ರಿ, ಸಾಲದಿದ್ರ ಬಿಡ್ರಿ.”

ಪ್ರೇಮಕುಮಾರರು ಬಗ್ಗಿದಲ್ಲೇ ಕತ್ತೆತ್ತಿ ನೋಡಿದರು. ಹಾಗೆ ಬಗ್ಗಿದ್ದರಿಂದ ಅವರ ಕಣ್ಣು ಸರಿಯಾಗಿ ಕಾಂತಪ್ಪನವರ ಕಣ್ಣಿನ ಮಟ್ಟಕ್ಕೇ ಬಂದಿತ್ತು. ಕರ್ನಲ್ಲರಿಗೂ ಹೆದರಿ ಬದುಕಿದ ಮನುಷ್ಯ ಮಗಳಿಗಾಗಿ ನಿಂತಾಗ ಹೇಗಿರುತ್ತಾನೆಂದು ಅಷ್ಟು ಹತ್ತಿರದಿಂದ ಕಂಡವರು ಅವರೊಬ್ಬರೇ. ಇಂಥವನನ್ನು ಮೆಚ್ಚದೆ ಇರಲು ಕಲ್ಲಾಗಿರಬೇಕು. ಪ್ರೇಮಕುಮಾರರು ಎಷ್ಟೆಂದರೂ ಬೆಲ್ಲದವರು.

“ಅಪ್ಪಾ,” ಎಂದ ಕಿಶೋರ ಹಿಂದಿನಿಂದ, “ಈಗ ನೀವ್ ಬಗ್ಗೀರಲ್ಲ, ಹಂಗs ನಾನೂ ಫೋಟೋದಾಗ ಒಂದೀಟ ಬಗ್ತೀನಿ. ನನಗೇನ್ ತ್ರಾಸಿಲ್ಲ.”

ಪ್ರೇಮಕುಮಾರರು ಮಗನನ್ನು ನೋಡಿದರು, ಕೈಯಲ್ಲಿದ್ದ ಗಿಡ್ಡ ಕೋಲನ್ನು ನೋಡಿದರು, ತಮ್ಮ ಮಡಿಸಿದ ಮೊಣಕಾಲು ನೋಡಿಕೊಂಡರು. ಕೊನೆಗೆ ಕಾಂತಪ್ಪನವರ ಕಡೆ ತಿರುಗಿ, “ಹೌದ್ರಿ,” ಎಂದರು. ಅಂದು ನೆಟ್ಟಗಾಗಲು ಅವರಿಗೆ ಇಬ್ಬರ ಆಸರೆ ಬೇಕಾಯಿತು, ಸೊಂಟ ಹಿಡಿದಿತ್ತು.

ಮಾಂತು ಲೂನಾ ಓಡಿಸಿಕೊಂಡು ಮೊದಲೇ ಮನೆಗೆ ಬಂದು ಎಲ್ಲ ಹೇಳಿದ. ಕೋಲು ಕತ್ತರಿಸಿದ್ದು ತನ್ನ ವಿಚಾರ ಎಂಬುದನ್ನು ಮೊದಲೂ ಕೊನೆಗೂ ಹೇಳಿದ. ಸಂಬಂಧ ಕೂಡಿತೆಂಬುದನ್ನು ಅನುಸೂಯಾಬಾಯಿ ನಂಬಿದರು, ಚೆಂಡು ನೆಟ್ಟಗೆ ಹೋಯಿತೆಂಬುದನ್ನೂ ನಂಬಿದರು. ಗಂಡ ‘ಇಲ್ಲ’ ಎಂದನೆಂಬುದನ್ನು ಮಾತ್ರ ನಂಬಲಿಲ್ಲ. ಕೃಷ್ಣಾಬಾಯಿಯಂತೂ, “ಕಾಲ ಮುರೀತು ಅಂದ್ರ ನಂಬಬಹುದು, ಇದನ್ನ ಹೆಂಗ ನಂಬೋದು?” ಎಂದುಬಿಟ್ಟರು.

ಅಷ್ಟರಲ್ಲಿ ಕಾಂತಪ್ಪನವರೇ ಬಂದರು. ಹಿಂದೆ ಬಾಗಿಲಲ್ಲಿ ಬೀಗರು ಸೊಂಟ ಹಿಡಿದುಕೊಂಡು, ತಲೆ ತಗ್ಗಿಸಿ ಒಳಗೆ ಬರುತ್ತಿದ್ದರು. ಮಾಯಾ ಅಡುಗೆಮನೆಯ ಬಾಗಿಲಲ್ಲಿ ತನ್ನಷ್ಟೇ ಎತ್ತರದಲ್ಲಿ, ಬರಿಗಾಲಲ್ಲಿ ನಿಂತು ತಂದೆಯನ್ನೇ ನೋಡುತ್ತಿದ್ದಳು.

ಅನುಸೂಯಾಬಾಯಿ ಗಂಡನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. “ಖರೇನs ಹೇಳ್ರಿ. ಅಲ್ಲೆ ನೀವು ‘ಇಲ್ಲ’ ಅಂದ್ರಿ?”

“ಹೌದು,” ಎಂದರು ಕಾಂತಪ್ಪನವರು.

“ನಿಮ್ಮನ್ನ ಕೇಳಿದ್ನಲ್ಲ ನಾನು! ಎಲ್ಲಾದಕ್ಕೂ ‘ಹೌದು’ ಅಂತೀರಿ,” ಎಂದು ಅನುಸೂಯಾಬಾಯಿ ಸಕ್ಕರೆ ಡಬ್ಬಿ ತರಲು ಒಳಗೆ ಹೋದರು.